ಕಾಳಿಯ ಊರಿಗೆ ಬೆಲ್ಲಿಯ ಕೊನೆಯ ಪಯಣ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಎಲ್ಲೆಲ್ಲಿ ಗಾಡಿ ನಿಲ್ಲಿಸಬೇಕು ಅಂತ ನಮಗ್ಯಾರೂ ಹೇಳಿಕೊಡಬೇಕಾಗಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ‘ಶೋಲೆ’ ಬೆಟ್ಟ, ಚನ್ನಪಟ್ಟಣದಲ್ಲಿ ಮರದ ಗೊಂಬೆ, ಮದ್ದೂರಿನಲ್ಲಿ ವಡೆ. ಆದರೆ ಇದೇ ದಾರಿಯ ಅಕ್ಕಪಕ್ಕದಲ್ಲಿ ನಾಯಿಗಳ ನೆನಪಿಗೆ ಸೇರಿದ ಎರಡು ಜಾಗಗಳಿವೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಒಂದು, ನಾಯಿಗಳಿಗೆ ಪೂಜೆ ನಡೆಯುವ ಗುಡಿ. ಇನ್ನೊಂದು, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸತ್ತ ಒಂದು ನಾಯಿಗೆ ಅದರ ಒಡೆಯ ಕಲ್ಲು ನಿಲ್ಲಿಸಿದ ಊರು.

ಚಿಕ್ಕಂದಿನಿಂದ ಅಮ್ಮನ ತವರಿಗೆ ಇದೇ ರಸ್ತೆಯಲ್ಲಿ ಓಡಾಡಿದವನು ನಾನು. ಆದರೂ ಆ ಎರಡೂ ಜಾಗಗಳನ್ನು ನೋಡಿದ್ದು 2025ರ ಫೆಬ್ರುವರಿಯಲ್ಲಿ, ನಮ್ಮನೆ ಬೆಲ್ಲಿಯನ್ನು ಕೊನೆಯ ಸಲ ಅವಳ ಹುಟ್ಟೂರಿಗೆ ಕರ್ಕೊಂಡು ಹೋದಾಗ.

ಆಲೆಮನೆಯ ಮರಿ

ಬೆಲ್ಲಿ ಯಾವ ಜಾತಿ ಅಂತ ಕೇಳಿದವರಿಗೆಲ್ಲ ಅಪ್ಪ ಹೇಳುತ್ತಿದ್ದ ಉತ್ತರ ಒಂದೇ: ‘ಮಂಡ್ಯ ಜಾತಿ.’ 2014ರಲ್ಲಿ ಮದ್ದೂರು ತಾಲ್ಲೂಕಿನ ಮಾವನ ಊರಿಗೆ ಹೋಗಿದ್ದಾಗ, ಆಲೆಮನೆಯ ಹಿಂದೆ ಒಣಹಾಕಿದ್ದ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಸಿಕ್ಕ ಮರಿ. ಮೂತಿಗೆಲ್ಲ ಬೆಲ್ಲದ ಪಾಕ ಮೆತ್ತಿಕೊಂಡಿತ್ತು. ಮೈಬಣ್ಣವೂ ಬೆಲ್ಲದ್ದೇ. ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಾರಿನ ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದರು. ಬೇಡ ಬೇಡ ಅಂದಿದ್ದ ಅಮ್ಮ ಮೂರನೇ ದಿನಕ್ಕೆ ಅದಕ್ಕೊಂದು ತಟ್ಟೆ ಬೇರೆ ಮಾಡಿದರು.

ಬೆಲ್ಲಿ ನಮ್ಮ ಮೂವರಿಗೂ ಸೇರಿದವಳು ಅಂದುಕೊಂಡಿದ್ದೆವು. ಆದರೆ ಅವಳ ಲೆಕ್ಕದಲ್ಲಿ ಅವಳು ಅಪ್ಪನವಳು. ಬೆಳಗ್ಗೆ ಹಾಲು ತರೋಕೆ, ಸಂಜೆ ಪಾರ್ಕಿಗೆ, ಎಲ್ಲ ಅಪ್ಪನ ಜೊತೆಗೇ. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಅಪ್ಪ ಹೋದರು. ಆಂಬುಲೆನ್ಸ್ ಹತ್ತಿದ ಮೇಲೆ ನಾವು ಅವರ ಮುಖ ನೋಡಿದ್ದು ಫೋನಿನಲ್ಲಿ ಒಂದೇ ಸಲ. ಆ ಮೇಲೆ ಎಷ್ಟೋ ತಿಂಗಳು ಬೆಲ್ಲಿ ಸಂಜೆ ಐದೂವರೆಗೆ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳು. ಅವಳನ್ನು ಕರೆದುಕೊಂಡು ಬರೋಕೆ ಅಂತಲೇ ಅಮ್ಮ ಎದ್ದು ಹೊರಗೆ ಬರೋರು. ಹಾಗೆ ಬಂದವರು ನಿಧಾನವಾಗಿ ಅವಳ ಜೊತೆ ವಾಕಿಂಗ್ ಹೋಗೋಕೆ ಶುರು ಮಾಡಿದರು. ಅಪ್ಪ ಹೋದ ಮೇಲೆ ಅಮ್ಮನನ್ನು ಮನೆಯಿಂದ ಹೊರಗೆ ತಂದಿದ್ದು ನಾನಲ್ಲ, ಬೆಲ್ಲಿ.

2025ರ ಸಂಕ್ರಾಂತಿಯ ವಾರ. ಬೆಲ್ಟು ಕಟ್ಟುವಾಗ ಅವಳ ದವಡೆಯ ಕೆಳಗೆ ಎರಡು ಗಂಟು ಕೈಗೆ ಸಿಕ್ಕವು. ನೆಲ್ಲಿಕಾಯಿ ಗಾತ್ರ. ಮುಟ್ಟಿದರೆ ನೋವೇನೂ ಇರಲಿಲ್ಲ. ಹಿಂಗಾಲಿನ ಮೊಣಕಾಲ ಹಿಂದೆಯೂ ಅಂಥದ್ದೇ. ಡಾಕ್ಟರ್ ಸಣ್ಣ ಸೂಜಿ ಹಾಕಿ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರು. ಸ್ಕ್ಯಾನ್ ಆಯಿತು. ಲಿಂಫೋಮಾ. ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಯಕೃತ್ತು, ಗುಲ್ಮಕ್ಕೂ ಹರಡಿತ್ತು.

ಡಾಕ್ಟರ್ ಎರಡು ದಾರಿಯನ್ನೂ ಬಿಡಿಸಿ ಹೇಳಿದರು. ಕಿಮೋಥೆರಪಿ ಕೊಟ್ಟರೆ ಬಹಳಷ್ಟು ನಾಯಿಗಳಲ್ಲಿ ಗಂಟುಗಳು ಕರಗುತ್ತವೆ, ಕೆಲವು ತಿಂಗಳು, ಅದೃಷ್ಟವಿದ್ದರೆ ಒಂದು ವರ್ಷದಷ್ಟು ಒಳ್ಳೆಯ ದಿನಗಳು ಸಿಗುತ್ತವೆ. ಆದರೆ ಪೂರ್ತಿ ವಾಸಿಯಾಗೋದು ಅಪರೂಪ. ಅದಕ್ಕೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಬರುತ್ತಿರಬೇಕು. ಬೇಡ ಅಂದರೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ಅದು ಒಂದೆರಡು ತಿಂಗಳು ಹಾಯಾಗಿಡುತ್ತದೆ, ಅಷ್ಟೇ. ಮೊದಲು ಸ್ಟೀರಾಯ್ಡ್ ಶುರು ಮಾಡಿ, ಆಮೇಲೆ ಕಿಮೋಗೆ ಬರ್ತೀವಿ ಅಂದರೆ ಕಿಮೋ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ, ಹಾಗಾಗಿ ಈಗಲೇ ಯೋಚಿಸಿ ಅಂದರು.

ಬೆಲ್ಲಿಗೆ ಆಸ್ಪತ್ರೆಯ ವಾಸನೆ ಬಂದರೇ ಸಾಕು, ಕಾರಿನಿಂದ ಇಳಿಯುತ್ತಿರಲಿಲ್ಲ. ಇಳಿಸಿದರೆ ನಿಂತಲ್ಲೇ ನಡುಗುತ್ತಿದ್ದಳು. ಹತ್ತು ದಾಟಿದ ವಯಸ್ಸು, ಕಾಯಿಲೆಯೂ ಮುಂದೆ ಹೋಗಿತ್ತು. ನಾವು ಮಾತ್ರೆಯ ದಾರಿ ಹಿಡಿದೆವು. ಬೇರೆಯವರ ಮನೆಯಲ್ಲಿ, ಬೇರೆ ನಾಯಿಗೆ, ಕಿಮೋ ಸರಿಯಾದ ದಾರಿ ಆಗಿರಬಹುದು. ಇದರಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ಇನ್ನೊಂದು ಮಾತನ್ನೂ ಡಾಕ್ಟರ್ ಆವತ್ತೇ ಎತ್ತಿದರು: ಕೊನೆಗೆ ತುಂಬ ಕಷ್ಟ ಅನಿಸಿದರೆ ಮನೆಗೇ ಬಂದು ಮಲಗಿಸಿಬಿಡಬಹುದು. ದಯಾಮರಣ. ಹೊರಗೆ ಬಂದ ಮೇಲೆ ಅಮ್ಮ ಒಂದೇ ಮಾತು ಹೇಳಿದರು: ‘ಜೀವ ಕೊಟ್ಟೋನು ಅವನು. ತಗೊಳ್ಳೋಕೆ ನಾವ್ಯಾರು? ಆ ಮಾತು ಇನ್ನೊಂದ್ಸಲ ನನ್ ಮುಂದೆ ಆಡ್ಬೇಡ.’

ಆಡಲಿಲ್ಲ. ಬದಲಿಗೆ ಊರಿಗೆ ಹೋಗಿಬರೋಣ್ವಾ ಅಂತ ಕೇಳಿದೆ. ‘ಹ್ಞೂಂ, ಅವಳು ಹುಟ್ಟಿದ್ ಜಾಗ ಒಂದ್ಸಲ ನೋಡ್ಲಿ’ ಅಂದರು.

ಹಳೇ ರಸ್ತೆಯಲ್ಲಿ

ಫೆಬ್ರುವರಿಯ ಮೊದಲ ಶನಿವಾರ ಬೆಳಗಿನ ಐದೂವರೆಗೆ ಹೊರಟೆವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರು ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಸ್ಟೀರಾಯ್ಡ್ ತಗೊಳ್ಳುವ ನಾಯಿಗೆ ಎಕ್ಸ್‌ಪ್ರೆಸ್‌ವೇ ಆಗಿಬರಲ್ಲ. ಆ ಮಾತ್ರೆಯಿಂದ ಹಸಿವು, ಬಾಯಾರಿಕೆ ಎರಡೂ ಜಾಸ್ತಿ. ಕುಡಿದಷ್ಟೂ ಉಚ್ಚೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಊರುಗಳನ್ನೆಲ್ಲ ಬಳಸಿಕೊಂಡು ಹೋಗುವ ಆ ಹೆದ್ದಾರಿಯಲ್ಲಿ ಎಲ್ಲಿ ನಿಲ್ಲಿಸೋದು? ಹಾಗಾಗಿ ಊರೊಳಗೆ ಹಾದುಹೋಗುವ ಹಳೇ ರಸ್ತೆಯನ್ನೇ ಹಿಡಿದೆವು.

ಅದೇ ಒಳ್ಳೇದಾಯಿತು. ಹಳೇ ರಸ್ತೆಯಲ್ಲಿ ಈಗ ಮೊದಲಿನ ಗಲಾಟೆ ಇಲ್ಲ. ಬಿಡದಿಯಲ್ಲಿ ಕಾರಿನೊಳಗೇ ತಟ್ಟೆ ಇಡ್ಲಿ ತಿಂದೆವು. ಬೆಲ್ಲಿಗೆ ಬರೀ ಇಡ್ಲಿ, ಚಟ್ನಿ ಇಲ್ಲ. ಎರಡು ಇಡ್ಲಿ ಮುಗಿಸಿ ಅಮ್ಮನ ಎಲೆಯ ಕಡೆ ನೋಡಿದಳು. ‘ಮಾತ್ರೆ ತಿನ್ಸಿ ತಿನ್ಸಿ ಹೊಟ್ಟೆಬಾಕಿ ಮಾಡಿದ್ದೀಯ ಕಣೋ ಇವಳನ್ನ’ ಅಂತ ಬೈಯುತ್ತ ಅಮ್ಮ ತಮ್ಮದರಲ್ಲಿ ಅರ್ಧ ಮುರಿದು ಕೊಟ್ಟರು. ರಾಮನಗರದ ಬಂಡೆಬೆಟ್ಟಗಳ ಹಿಂದಿನಿಂದ ಬಿಸಿಲು ಬಂತು. ಬೆಲ್ಲಿ ಕಿಟಕಿಯಿಂದ ಮೂತಿ ಹೊರಗಿಟ್ಟು ಕಣ್ಣುಮುಚ್ಚಿಕೊಂಡು ಗಾಳಿ ಕುಡಿಯುತ್ತಿದ್ದಳು. ಕಾಯಿಲೆಯ ನಾಯಿ ಅಂತ ಯಾರೂ ಹೇಳುತ್ತಿರಲಿಲ್ಲ. ಮಾತ್ರೆಗೆ ಗಂಟುಗಳೂ ಇಳಿದಿದ್ದವು. ಕಾಯಿಲೆ ಸುಳ್ಳಿರಬಹುದಾ ಅಂತ ಕೂಡ ಒಮ್ಮೆ ಅನಿಸಿಬಿಟ್ಟಿತು.

ವಳಗೆರೆಹಳ್ಳಿಯ ನಾಯಿ ಗುಡಿ

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಗೆ ಒಳರಸ್ತೆ ಹಿಡಿದು ಹೋಗಬೇಕು. ಊರಿನ ದೇವತೆ ಕೆಂಪಮ್ಮ. ಆ ದೇವಸ್ಥಾನದ ಜೊತೆಗೇ ನಾಯಿಗಳಿಗೊಂದು ಪುಟ್ಟ ಗುಡಿ. ಒಳಗೆ ಎರಡು ನಾಯಿಗಳ ವಿಗ್ರಹ, ಹೂವು, ಕುಂಕುಮ, ದೀಪ. ಬಹಳ ಹಳೆಯದೇನಲ್ಲ. ಕೆಂಪಮ್ಮನ ದೇವಸ್ಥಾನ ಕಟ್ಟುವ ಕಾಲಕ್ಕೆ ಎರಡು ನಾಯಿಗಳು ಅಲ್ಲೇ ಓಡಾಡಿಕೊಂಡಿದ್ದು ಇದ್ದಕ್ಕಿದ್ದಂತೆ ಕಾಣೆಯಾದವು, ಆಮೇಲೆ ತಾಯಿಯೇ ಕನಸಿನಲ್ಲಿ ಬಂದು ಅವಕ್ಕೂ ಗುಡಿ ಕಟ್ಟಿ ಅಂದಳು ಅನ್ನೋದು ಊರವರ ಕಥೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ನಾನು ಬೆಲ್ಲಿಯನ್ನು ಹಿಡ್ಕೊಂಡು ಹೊರಗೆ ಮರದ ನೆರಳಲ್ಲಿ ನಿಂತೆ. ಅಮ್ಮ ಒಳಗೆ ಹೋದರು. ಅಲ್ಲೇ ಕೂತಿದ್ದ ಅಜ್ಜಿಯೊಬ್ಬರು ಬೆಲ್ಲಿಯನ್ನು ಮೇಲಿಂದ ಕೆಳಗೆ ನೋಡಿ, ‘ಉಸಾರಿಲ್ವಾ?’ ಅಂದರು. ಕಾರಿನಲ್ಲಿ ನಾನು ಸುಳ್ಳಿರಬಹುದಾ ಅಂದುಕೊಂಡಿದ್ದ ಕಾಯಿಲೆ ಆ ಅಜ್ಜಿಗೆ ಒಂದೇ ನೋಟಕ್ಕೆ ಕಂಡಿತ್ತು. ಕ್ಯಾನ್ಸರ್ ಅಂದೆ. ‘ನಾಯ್ಗೂ ಬತ್ತದಾ?’ ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಎದ್ದು ಬಂದು ಅವಳ ತಲೆ ಸವರಿದರು.

ಅಮ್ಮ ಹೊರಗೆ ಬಂದು ಬೆಲ್ಲಿಯ ಹಣೆಗೆ ಕುಂಕುಮ ಇಟ್ಟರು. ಏನು ಕೇಳಿಕೊಂಡ್ರಿ ಅಂದೆ. ‘ವಾಸಿ ಮಾಡು ಅಂತ ಕೇಳ್ಲಿಲ್ಲ. ಒದ್ದಾಡಿಸ್ಬೇಡ ಅಂದೆ’ ಅಂದರು. ಕಾರು ಹತ್ತಿದ ಮೇಲೆ ಮದ್ದೂರು ಬರೋವರೆಗೂ ಇಬ್ಬರೂ ಮಾತಾಡಲಿಲ್ಲ.

ಮಾವನ ಊರಲ್ಲಿ

ಬೆಂಗಳೂರಿನಿಂದ ಮದ್ದೂರಿಗೆ ಎಂಬತ್ತು ಕಿಲೋಮೀಟರು. ಶಿಂಷಾ ಹೊಳೆ ದಾಟಿ ಒಳಗೆ ತಿರುಗಿದರೆ ಎರಡೂ ಕಡೆ ಕಬ್ಬು, ತೆಂಗು, ನಾಲೆ. ಕಿಟಕಿ ತೆಗೆದಿತ್ತು. ಎಲ್ಲೋ ಪಾಕ ಕುದಿಯುತ್ತಿದ್ದ ವಾಸನೆ ಬಂದದ್ದೇ ತಡ, ಮಲಗಿದ್ದ ಬೆಲ್ಲಿ ಎದ್ದು ನಿಂತಳು. ಹತ್ತು ವರ್ಷದ ಹಿಂದಿನದು ನೆನಪಿತ್ತೋ ಏನೋ ನನಗೆ ಗೊತ್ತಿಲ್ಲ. ಮೂಗು ಮಾತ್ರ ನಿಲ್ಲದೆ ಆಡುತ್ತಿತ್ತು.

ಮಾವ ಜಗಲಿಯಿಂದ ಇಳಿದು ಬಂದು ಮೊದಲು ಮಾತಾಡಿಸಿದ್ದು ಬೆಲ್ಲಿಯನ್ನೇ. ‘ಯಾಕವ್ವ ಇಂಗ್ ಸೊರಗೋದೆ?’ ಅತ್ತೆ ಅವಳಿಗೆ ಅಂತಲೇ ಉಪ್ಪು ಖಾರ ಹಾಕದೆ ಕೋಳಿ ಬೇಯಿಸಿಟ್ಟಿದ್ದರು. ಮಧ್ಯಾಹ್ನ ಆಲೆಮನೆಗೆ ಕರ್ಕೊಂಡು ಹೋದೆವು. ಗಾಣ ಆಡುತ್ತಿತ್ತು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಬೆಲ್ಲಿ ಸಿಪ್ಪೆಯ ರಾಶಿಯನ್ನು ಒಂದು ಸುತ್ತು ಹಾಕಿ, ಬಿಸಿಲು ಬೀಳುವ ಕಡೆ ನೋಡಿ, ಕಾಲಲ್ಲಿ ಕೆದರಿ ಗುಂಡಿ ಮಾಡಿ ಮಲಗಿದಳು. ಎರಡು ಗಂಟೆ ಎದ್ದೇಳಲಿಲ್ಲ. ಕೆಲಸದವರು ಅಚ್ಚಿನಿಂದ ಬಿಡಿಸಿದ ಬೆಲ್ಲದ ಚೂರು ತಂದುಕೊಟ್ಟರು. ನಾಯಿಗೆ ಬೆಲ್ಲ ಒಳ್ಳೇದಲ್ಲ ಅಂತ ಗೊತ್ತು. ಆವತ್ತು ಕೊಟ್ಟೆ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತಾಗ ಅಮ್ಮನೇ ಆ ಮಾತು ತೆಗೆದರು. ‘ಅಣ್ಣ, ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಕಳಿಸ್ಬೋದು ಅಂತಾರೆ. ಪಾಪ ಅಲ್ವಾ ಅದು?’

ಮಾವ ತಕ್ಷಣ ಏನೂ ಹೇಳಲಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದರು. ‘ನಂಗ್ ಗೊತ್ತಿಲ್ಲ ಕಣವ್ವ. ನಮ್ ಹಳೇ ಎತ್ತು ಕೊನೆಗ್ ಹದ್ನೈದ್ ದಿನ ಬಿದ್ದಲ್ಲೇ ಬಿದ್ದಿತ್ತು. ಮೈಯೆಲ್ಲ ಹುಣ್ಣು. ನಾನೂ ದೇವ್ರು ಕರ್ಕೊಳ್ಳಿ ಅಂತ ಕಾದೆ. ಅದು ನನ್ ಮೊಕ ನೋಡ್ತಿದ್ದಿದ್ದು ಈಗ್ಲೂ ಕಣ್ಮುಂದೆ ಬತ್ತದೆ. ಮಾತ್ ಬರದ ಜೀವ. ನೋವಾಯ್ತದೆ ಅಂತ ಬಾಯ್ಬುಟ್ಟು ಏಳಾಕಿಲ್ಲ. ನೋಡೋರ್ಗೇ ಗೊತ್ತಾಗ್ಬೇಕು.’

ಅಮ್ಮ ಸುಮ್ಮನಾದರು. ಬೆಲ್ಲಿ ಅವರ ಕಾಲ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದಳು.

ಕಾಳಿ ಎಂಬ ನಾಯಿ

ಮಾವನ ಮಗ ಕೆಎಎಸ್‌ಗೆ ಓದುತ್ತಿದ್ದಾನೆ. ಬೆಳಗ್ಗೆ ಕಾಫಿ ಕುಡಿಯುವಾಗ, ‘ಭಾವ, ಬೆಲ್ಲಿನ ಆತಗೂರಿಗೆ ಕರ್ಕೊಂಡ್ ಹೋಗಿದ್ದೀರಾ? ನಾಯಿಗೆ ಕಲ್ಲು ನಿಲ್ಸಿದ್ ಊರು ಅದು’ ಅಂದ. ಇತಿಹಾಸದ ಪುಸ್ತಕಗಳಲ್ಲಿ ಆತಕೂರು ಶಾಸನ ಅಂತ ಬರುವುದು ಇದೇ ಊರಿನದು. ಇದೇ ಮದ್ದೂರು ತಾಲ್ಲೂಕು.

ನಾಲೆ ಏರಿಯ ಮೇಲೆ ಗಾಡಿ ನಿಲ್ಲಿಸಿಕೊಂಡು ಅವನು ಹೇಳಿದ ಕಥೆ ಇದು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲಂನಲ್ಲಿ, ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ, ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಗೆಲುವಿನ ಸಂತೋಷಕ್ಕೆ ಬೂತುಗನಿಗೆ ಬನವಾಸಿ, ಬೆಳ್ವೊಲದಂಥ ನಾಡುಗಳೇ ಸಿಕ್ಕವು.

ಬೂತುಗನ ಕೈಕೆಳಗೆ ಮಣಲೆರ ಅನ್ನೋ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನು ಕೊಡಿ ಅಂದ. ಕೊಟ್ಟರು. ಆಮೇಲೊಂದು ದಿನ ಬೆಳತೂರಿನ ಬಳಿಯ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಈಶ್ವರ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ. ಇತಿಹಾಸಕಾರರು ತಕ್ಕೋಲಂ ಯುದ್ಧದ ವಿವರಕ್ಕೆ ಇವತ್ತಿಗೂ ನೋಡುವ ಶಾಸನ ಅದು. ಒಂದು ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು.

ಆ ಕಲ್ಲು ಈಗ ಊರಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ ಅಂದ. ನಾವು ನೋಡಿದ್ದು ಊರು, ಕಬ್ಬಿನ ಗದ್ದೆ, ಬೆಳಗಿನ ಬಿಸಿಲು ಅಷ್ಟೇ. ಬೆಲ್ಲಿ ನಾಲೆ ಏರಿಯ ಮೇಲೆ ಹತ್ತು ಹೆಜ್ಜೆ ನಡೆದು, ಒಂದು ಕಳ್ಳಿಗಿಡಕ್ಕೆ ಉಚ್ಚೆ ಹೊಯ್ದು, ವಾಪಸ್ ಬಂದು ಕಾರಿನ ನೆರಳಲ್ಲಿ ಕೂತಳು.

ನನಗೆ ನೆನಪಾಗಿದ್ದು ಶುಕ್ರವಾರ ಸಂಜೆ ಆಫೀಸಿನಲ್ಲಿ ಕೇಳಿದ ಮಾತು. ಸೋಮವಾರವೂ ರಜೆ ಬೇಕು, ನಾಯಿಗೆ ಹುಷಾರಿಲ್ಲ ಅಂದಾಗ ಪಕ್ಕದವನು ನಕ್ಕಿದ್ದ: ‘ನಾಯಿಗೋಸ್ಕರ ರಜೆನಾ ಗುರೂ?’ ನಾಯಿಗೆ ಅಳೋದು ಸಿಟಿಯವರ ಶೋಕಿ, ಈಗಿನ ಕಾಲದ ಹೊಸ ಖಯಾಲಿ ಅಂತ ನನಗೂ ಒಳಗೊಳಗೆ ಒಂದು ನಾಚಿಕೆ ಇತ್ತು. ಯುದ್ಧ ಗೆದ್ದು ಬಂದು ನಾಯಿಯನ್ನು ಕೇಳಿಕೊಂಡ ಆ ಮನುಷ್ಯ ಇದೇ ಮಣ್ಣಿನವನು. ಆ ನಾಲೆ ಏರಿಯ ಮೇಲೆ ನಿಂತಾಗ ಆ ನಾಚಿಕೆ ಹೋಯಿತು.

ಕ್ಯಾಲೆಂಡರಿನ ಗೆರೆಗಳು

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಡಾಕ್ಟರ್ ಒಂದು ಉಪಾಯ ಹೇಳಿಕೊಟ್ಟರು. ಆಲಿಸ್ ವಿಲ್ಲಲೋಬೋಸ್ ಅನ್ನೋ ಅಮೆರಿಕದ ಪಶುವೈದ್ಯೆ, ಪ್ರಾಣಿಗಳ ಕ್ಯಾನ್ಸರ್ ತಜ್ಞೆ, ಮಾಡಿದ ಲೆಕ್ಕ ಅದು. ಏಳು ಪ್ರಶ್ನೆ. ನೋವು ಹತೋಟಿಯಲ್ಲಿದೆಯಾ, ಉಸಿರಾಟ ಸಲೀಸಾ? ತಿನ್ನುತ್ತಿದೆಯಾ? ಮೈಯಲ್ಲಿ ನೀರಿನಂಶ ಇದೆಯಾ? ಮೈ ಶುಚಿಯಾಗಿದೆಯಾ? ಖುಷಿ ಇದೆಯಾ? ಓಡಾಡುತ್ತಿದೆಯಾ? ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯಾ? ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು ಮೂವತ್ತೈದು ದಾಟಿದ್ದರೆ ಬದುಕು ಇನ್ನೂ ಸಹ್ಯವಾಗಿದೆ ಅಂತ. ಅದನ್ನು ನೋಡಿ ಅಮ್ಮ, ‘ನಾಯಿಗೂ ಮಾರ್ಕ್ಸ್ ಕಾರ್ಡಾ?’ ಅಂದರು. ಅಂದವರೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ನೀಲಿ ಗೆರೆ, ಕೆಟ್ಟ ದಿನಕ್ಕೆ ಕೆಂಪು ಗೆರೆ ಎಳೆಯತೊಡಗಿದರು.

ಮೊದಲ ಎರಡು ವಾರ ನೀಲಿಯೇ ಹೆಚ್ಚು. ಮೂರನೇ ವಾರ ಗಂಟುಗಳು ಮತ್ತೆ ಊದಿಕೊಂಡವು. ಈ ಸಲ ನಿಂಬೆಹಣ್ಣಿನ ಗಾತ್ರ. ರಾತ್ರಿ ಮಲಗಿದರೆ ಗಂಟಲು ಒತ್ತಿಕೊಂಡು ಉಸಿರು ಗೊರಗೊರ ಅನ್ನುತ್ತಿತ್ತು. ಕೂತುಕೊಂಡೇ ತೂಕಡಿಸುತ್ತಿದ್ದಳು. ಅಮ್ಮ ಅವಳ ಪಕ್ಕದಲ್ಲಿ ಚಾಪೆ ಹಾಕಿಕೊಂಡರು. ಒಂದು ಬೆಳಗ್ಗೆ ಅಮ್ಮ ಅನ್ನಕ್ಕೆ ಮೊಟ್ಟೆ ಕಲಸಿ ಇಟ್ಟರು. ನೋಡಲಿಲ್ಲ. ಬೆಲ್ಲದ ಚೂರು ಹಿಡಿದರು. ಮೂತಿ ತಿರುಗಿಸಿದಳು. ಮೂರು ದಿನದಿಂದ ಕೆಂಪು ಗೆರೆ.

ನಾನು ಏನೂ ಹೇಳಲಿಲ್ಲ. ಅಮ್ಮನೇ ಬಂದು, ‘ಡಾಕ್ಟರಿಗೆ ಫೋನ್ ಮಾಡು. ಇವತ್ತೇ ಬರೋಕಾಗುತ್ತಾ ಕೇಳು’ ಅಂದರು. ಆಮೇಲೆ, ‘ನಿಮ್ಮಪ್ಪ ಹೋಗುವಾಗ ಪಕ್ಕದಲ್ಲಿ ಇರೋಕೆ ನಮಗೆ ಬಿಡ್ಲಿಲ್ಲ. ಇವಳ ಪಕ್ಕದಲ್ಲಾದ್ರೂ ಇರೋಣ’ ಅಂದರು.

ಡಾಕ್ಟರ್ ಸಂಜೆ ನಾಲ್ಕಕ್ಕೆ ಬಂದರು. ಏನಾಗುತ್ತದೆ ಅಂತ ಗೊತ್ತಿಲ್ಲದೆ ಭಯಪಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲು ಮಂಪರು ಬರಿಸುವ ಇಂಜೆಕ್ಷನ್. ಹತ್ತು ನಿಮಿಷದಲ್ಲಿ ಬೆಲ್ಲಿ ನನ್ನ ತೊಡೆ ಮೇಲೆ ಒರಗಿ ನಿದ್ದೆ ಹೋದಳು. ಎಷ್ಟೋ ದಿನದ ಮೇಲೆ ಅವಳು ತಲೆ ಕೆಳಗಿಟ್ಟು ಮಲಗಿದ್ದು ಅದೇ ಮೊದಲು. ಆಮೇಲೆ ಮುಂಗಾಲಿನ ನರಕ್ಕೆ ಎರಡನೇ ಇಂಜೆಕ್ಷನ್, ಅರಿವಳಿಕೆ ಔಷಧವೇ, ಪ್ರಮಾಣ ಮಾತ್ರ ಜಾಸ್ತಿ. ಅದು ಒಳಗೆ ಹೋಗುವ ಮುಂಚೆ ಅಮ್ಮ ಒಳಗಿಂದ ತುಳಸಿ ಹಾಕಿದ ನೀರು ತಂದು ಚಮಚದಲ್ಲಿ ಅವಳ ತುಟಿಗೆ ಹನಿಸಿದರು. ಅಪ್ಪನ ಬಾಯಿಗೆ ಬಿಡಲಾಗದ ನೀರು ಅದು. ನಾವಿಬ್ಬರೂ ಅದನ್ನು ಹೇಳಿಕೊಳ್ಳಲಿಲ್ಲ.

ಒಂದೆರಡು ನಿಮಿಷ ಅಷ್ಟೇ. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ತಲೆ ಆಡಿಸಿದರು. ಕಣ್ಣು ತೆರೆದೇ ಇರುತ್ತದೆ, ಒಮ್ಮೊಮ್ಮೆ ಸತ್ತ ಮೇಲೂ ಮೈ ಅದುರುತ್ತದೆ, ಹೆದರಬೇಡಿ ಅಂತ ಅವರು ಮೊದಲೇ ಹೇಳಿದ್ದರು. ಹೇಳಿದ್ದು ಒಳ್ಳೇದಾಯಿತು.

ಅವಳನ್ನು ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ ಆ ರಾತ್ರಿಯೇ ಊರಿಗೆ ಹೊರಟೆವು. ಈ ಸಲ ಎಲ್ಲೂ ನಿಲ್ಲಿಸಬೇಕಾಗಿರಲಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲೇ ಹೋದೆವು. ಮಾವ ತೋಟದ ಮೂಲೆಯಲ್ಲಿ, ತೆಂಗಿನಮರದ ಪಕ್ಕ, ಎದೆಯುದ್ದ ಗುಂಡಿ ತೆಗೆಸಿ ಕಾಯುತ್ತಿದ್ದರು. ಮಣ್ಣು ಮುಚ್ಚಿದ ಮೇಲೆ, ನರಿ ಕೆದಕಬಾರದು ಅಂತ ಒಂದು ಚಪ್ಪಡಿ ಕಲ್ಲು ಎಳೆದು ಹಾಕಿದರು.

ಕಸ್ತೂರಬಾ ರಸ್ತೆಯಲ್ಲಿ

ಮುಂದಿನ ತಿಂಗಳು ಒಂದು ದಿನ ಅಮ್ಮನನ್ನು ಕರ್ಕೊಂಡು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಹೋದೆ. 1865ರಲ್ಲಿ ಶುರುವಾದ ಆ ಮ್ಯೂಸಿಯಮ್ಮಿನ ಕೆಂಪು ಬಣ್ಣದ ಕಟ್ಟಡದ ಮುಂದೆ ನಾನು ಸಾವಿರ ಸಲ ಬೈಕಿನಲ್ಲಿ ಹೋಗಿದ್ದೇನೆ. ಆತಕೂರಿನ ಕಲ್ಲಿನ ಮೇಲೆ ಹಂದಿಯ ಜೊತೆ ಕಾದಾಡುತ್ತಿರುವ ನಾಯಿಯ ಕೆತ್ತನೆ ಇದೆ, ಸುತ್ತ ಹಳಗನ್ನಡದ ಸಾಲುಗಳು. ‘ಇದರಲ್ಲಿ ಕಾಳಿ ಅಂತ ಎಲ್ಲಿ ಬರೆದಿದೆ?’ ಅಂತ ಅಮ್ಮ ಕೇಳಿದರು. ಆ ಲಿಪಿ ನನಗೆ ಓದಲು ಬರಲಿಲ್ಲ. ಇಬ್ಬರೂ ಹುಡುಕಿದೆವು. ಸಿಗಲಿಲ್ಲ. ಇದೆ ಅಂತ ಗೊತ್ತಲ್ಲ, ಸಾಕು ಅಂದರು ಅಮ್ಮ. ಮೆಟ್ಟಿಲಿಳಿಯುವಾಗ ಮಾವನಿಗೆ ಫೋನ್ ಮಾಡಿ, ಆ ಚಪ್ಪಡಿ ಮೇಲೆ ಬೆಲ್ಲಿ ಅಂತ ಬಣ್ಣದಲ್ಲಿ ಬರೆಸು ಅಂದರು. ‘ಬರ್ಸನ ಬುಡವ್ವ’ ಅಂದರು ಮಾವ.

ನಿಮ್ಮ ಮನೆಯಲ್ಲೂ ಒಂದು ಮುದಿ ನಾಯಿ ಇದ್ದರೆ, ಎರಡು ಮಾತು. ತಿಂಗಳಿಗೊಮ್ಮೆ ಅದರ ದವಡೆ ಕೆಳಗೆ, ಕಂಕುಳಲ್ಲಿ, ಹಿಂಗಾಲಿನ ಹಿಂದೆ ಕೈಯಾಡಿಸಿ ನೋಡಿ. ಗಂಟು ಸಿಕ್ಕರೆ ಕಾಯಬೇಡಿ, ತೋರಿಸಿ. ನೋವು ಅಂತ ಕಂಡರೆ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ಅವು ನಾಯಿಗೆ ವಿಷವಾಗಬಹುದು. ಕೊನೆಯ ದಿನದ ಮಾತನ್ನು ಡಾಕ್ಟರ್ ಜೊತೆ, ಮನೆಯವರ ಜೊತೆ ಮುಂಚೆಯೇ ಆಡಿಟ್ಟುಕೊಳ್ಳಿ: ಮನೆಗೆ ಬರ್ತಾರಾ, ಯಾರು ಪಕ್ಕದಲ್ಲಿರಬೇಕು, ಎಲ್ಲಿ ಮಣ್ಣು ಮಾಡೋದು. ಆ ದಿನ ಇದನ್ನೆಲ್ಲ ಯೋಚಿಸೋಕೆ ತಲೆ ಓಡಲ್ಲ.

ಮತ್ತೆ, ಯಾರಾದರೂ ‘ನಾಯಿಗೋಸ್ಕರನಾ?’ ಅಂತ ನಕ್ಕರೆ, ಒಂದು ಭಾನುವಾರ ಅವರನ್ನು ಹಳೇ ರಸ್ತೆಯಲ್ಲಿ ಮದ್ದೂರಿನ ಕಡೆಗೆ ಕರ್ಕೊಂಡು ಹೋಗಿ. ವಡೆ ಕೊಡಿಸಿ, ಕಾಳಿಯ ಕಥೆ ಹೇಳಿ.